ಕಡಿದ ಮರ ಪಕ್ಕದ ಮರಕ್ಕೆ ತಗುಲಿಕೊಂಡರೆ ಏನು ಮಾಡಬೇಕು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಚೈನ್ ಸಾ ಬಗ್ಗೆಯೇ ಜಾಸ್ತಿ. ಅದರಲ್ಲೂ ಒಂದೇ ತೊಂದರೆಯನ್ನು ಹಲವರು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದಾರೆ. ಕಡಿದ ಮರ ನೆಲಕ್ಕೆ ಬೀಳಲಿಲ್ಲ, ಇನ್ನೊಂದು ಮರಕ್ಕೆ ತಗುಲಿಕೊಂಡು ಓರೆಯಾಗಿ ನಿಂತಿದೆ, ಈಗ ಏನು ಮಾಡೋದು? ಅದಕ್ಕೇ ಇಡೀ ಅಂಕಣವನ್ನು ಈ ವಿಷಯಕ್ಕೆ ಬಿಟ್ಟಿದ್ದೇನೆ. ಮರ ಕಡಿಯುವ ಕೆಲಸದಲ್ಲಿ ಜೀವ ಹೋಗುವ ಸಂದರ್ಭಗಳಲ್ಲಿ ಇದೂ ಒಂದು. ದಯವಿಟ್ಟು ನಿಧಾನವಾಗಿ ಓದಿ.

ಪ್ರಶ್ನೆ: ಸರ್, ಮೊನ್ನೆ ಒಂದು ಮರ ಕಡಿದೆ. ಎದೆಯ ಎತ್ತರದಲ್ಲಿ 30 ಸೆಂ.ಮೀ. ದಪ್ಪ, ಉದ್ದ 15 ಮೀಟರ್ ಇರಬಹುದು. ಬೀಳುವಾಗ ಪಕ್ಕದ ದೊಡ್ಡ ಮರದ ಕವಲಿಗೆ ತಲೆ ಸಿಕ್ಕಿಕೊಂಡು ಅಲ್ಲೇ ನಿಂತುಬಿಟ್ಟಿದೆ. ಬುಡ ಇನ್ನೂ ಮೋಟಿನ ಮೇಲೇ ಇದೆ, ಒಂದಿಷ್ಟು ನಾರು ಹಿಡಿದುಕೊಂಡಿದೆ. ಬುಡದಿಂದ ಒಂದೊಂದು ಮೀಟರ್ ತುಂಡು ಮಾಡ್ತಾ ಬಾ, ತಾನಾಗಿ ಕೆಳಗೆ ಇಳಿಯುತ್ತೆ ಅಂತ ಜೊತೆಗಿದ್ದವರು ಹೇಳ್ತಾರೆ. ಹಾಗೆ ಮಾಡಬಹುದಾ?

ಉತ್ತರ: ಬೇಡ. ಖಂಡಿತ ಬೇಡ. ಹಾಗೆ ಮಾಡಿ ಏನೂ ಆಗದೆ ಉಳಿದವರು ಇದ್ದಾರೆ ನಿಜ, ಅವರನ್ನು ನೋಡಿಯೇ ಈ ಪದ್ಧತಿ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ. ಆದರೆ ಆ ಮರದೊಳಗೆ ಏನು ನಡೆಯುತ್ತಿದೆ ಅಂತ ಸ್ವಲ್ಪ ನೋಡೋಣ.

ನೀವು ಹೇಳಿದ ಅಳತೆಯ ಮರದಲ್ಲಿ ಕಾಂಡ ಒಂದೇ ಸುಮಾರು ಅರ್ಧ ಘನ ಮೀಟರ್ ಆಗುತ್ತದೆ. ಹಸಿ ಮರ ಸಾಮಾನ್ಯವಾಗಿ ಘನ ಮೀಟರಿಗೆ 800ರಿಂದ 1,000 ಕಿಲೋ ತೂಗುತ್ತದೆ. ಅಂದರೆ 400–500 ಕಿಲೋ. ಕೊಂಬೆ, ಎಲೆ ಬೇರೆ. ಇಷ್ಟು ಭಾರ ಈಗ ಎರಡೇ ಕಡೆ ಊರಿಕೊಂಡಿದೆ: ಕೆಳಗೆ ಮೋಟು, ಮೇಲೆ ಕವಲು. ನಡುವೆ ಆಧಾರ ಇಲ್ಲದ್ದರಿಂದ ಕಾಂಡ ತನ್ನದೇ ತೂಕಕ್ಕೆ ಕೆಳಗೆ ಜಗ್ಗಿರುತ್ತದೆ, ನೋಡಿದರೆ ನೆಟ್ಟಗೆ ಕಂಡರೂ ಜಗ್ಗಿರುತ್ತದೆ. ಮೇಲ್ಮೈಯ ನಾರು ಒತ್ತಿಕೊಂಡಿದೆ, ಕೆಳಮೈಯ ನಾರು ಬಿಗಿಯಾಗಿ ಎಳೆದುಕೊಂಡಿದೆ. ಮೇಲಿನಿಂದ ಕೊಯ್ದರೆ ಬಿರುಕು ಮುಚ್ಚಿಕೊಂಡು ಬಾರನ್ನು, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಯನ್ನು, ಕಚ್ಚಿ ಹಿಡಿಯುತ್ತದೆ. ಕೆಳಗಿನಿಂದ ಕೊಯ್ದರೆ ಬಿಗಿದ ನಾರು ಒಮ್ಮೆಲೇ ಹರಿದು, ನೀವು ಕೊಯ್ಲು ಮುಗಿಸುವ ಮೊದಲೇ ಕಾಂಡ ಮುರಿದು ಬೀಳುತ್ತದೆ.

ಮುಂದೇನಾಗುತ್ತದೆ? ಮೇಲೆ ಉಳಿದ ಕಾಂಡಕ್ಕೆ ಕೆಳಗಿನ ಆಧಾರ ತಪ್ಪಿತು. ಅದು ನೆಲಕ್ಕೆ ಗುದ್ದಬಹುದು, ಮುಂದಕ್ಕೆ ತೂಗಿಕೊಂಡು ಹೋಗಬಹುದು, ಪಕ್ಕಕ್ಕೆ ಹೊರಳಬಹುದು, ನಿಮ್ಮ ಕಾಲ ಮೇಲೇ ಬರಬಹುದು. ಒಂದೊಂದು ತುಂಡು ತೆಗೆದ ಹಾಗೂ ಮರ ಇನ್ನಷ್ಟು ನೆಟ್ಟಗಾಗುತ್ತದೆ. ನೆಟ್ಟಗಾದಷ್ಟೂ ಅದು ಯಾವ ಕಡೆ ಬೀಳುತ್ತದೆ ಅಂತ ಯಾರೂ ಹೇಳಲಾರರು. ಮೂರನೇ ತುಂಡಿನ ಹೊತ್ತಿಗೆ ತಲೆಯ ಮೇಲೆ ಯಾವುದಕ್ಕೂ ಗಟ್ಟಿಯಾಗಿ ಸಿಕ್ಕಿಕೊಳ್ಳದ, ಬುಡವೂ ಇಲ್ಲದ ಒಂದು ಮರ ಇರುತ್ತದೆ, ಅದರ ಬುಡದಲ್ಲೇ ನೀವು ಓಡುತ್ತಿರುವ ಚೈನ್ ಸಾ ಹಿಡಿದು ನಿಂತಿರುತ್ತೀರಿ.

ನಿಮ್ಮ ಮರ ಕವಲಿನೊಳಗೆ ಕೂತಿದೆ ಅಂದಿದ್ದೀರಿ. ಅದನ್ನು ಹೊರಳಿಸಿ ಬಿಡಿಸುವುದು ಕಷ್ಟ, ಯಾಕೆಂದರೆ ಎರಡೂ ಕಡೆ ಕೊಂಬೆ ತಡೆಯುತ್ತದೆ. ಅದಕ್ಕೆ ಇರುವ ದಾರಿ ಒಂದೇ, ದೂರದಿಂದ ಬುಡವನ್ನು ಹಿಂದಕ್ಕೆ ಎಳೆಯುವುದು. ಬುಡ ಹಿಂದೆ ಬಂದ ಹಾಗೆ ತಲೆ ಕವಲಿನಿಂದ ಜಾರಿ ಕೆಳಗೆ ಬರುತ್ತದೆ. ಹೇಗೆ ಎಳೆಯಬೇಕು ಅಂತ ಕೆಳಗೆ ಇನ್ನೊಬ್ಬರಿಗೆ ವಿವರವಾಗಿ ಬರೆದಿದ್ದೇನೆ. ಅಲ್ಲಿಯವರೆಗೆ ಮೋಟಿನ ಮೇಲೆ ಹಿಡಿದಿರುವ ಆ ನಾರನ್ನು ಮುಟ್ಟಬೇಡಿ. ಸದ್ಯಕ್ಕೆ ಬುಡ ಜಾರದಂತೆ ಹಿಡಿದಿರುವುದು ಅದೇ.

ಪ್ರಶ್ನೆ: ಆತುಕೊಂಡಿರುವ ಮರವನ್ನೇ ಕಡಿದುಬಿಟ್ಟರೆ ಎರಡೂ ಒಟ್ಟಿಗೆ ಬೀಳುತ್ತವಲ್ಲ? ಹೇಗೂ ಅದನ್ನೂ ತೆಗೆಯಬೇಕಿತ್ತು.

ಉತ್ತರ: ಇದು ಬುಡದಿಂದ ತುಂಡು ಮಾಡುವುದಕ್ಕಿಂತಲೂ ಕೆಟ್ಟದು. ಆಧಾರದ ಮರವನ್ನು ಕಡಿಯಬೇಕಾದರೆ ನೀವು ನೇತಾಡುತ್ತಿರುವ ಮರದ ತಲೆಯ ಕೆಳಗೇ ನಿಲ್ಲಬೇಕು. ಚೈನ್ ಸಾ ನಡುಕಕ್ಕೆ, ಒಂದು ಸಣ್ಣ ಗಾಳಿಗೆ ಅದು ಬಿಡಿಸಿಕೊಂಡರೆ ಓಡಲು ಸಮಯ ಸಿಗುವುದಿಲ್ಲ. ಜೊತೆಗೆ ಆಧಾರದ ಮರ ಈಗ ತನ್ನದಲ್ಲದ ಭಾರ ಹೊತ್ತು ಬಾಗಿ ನಿಂತಿದೆ. ಬಾಗಿದ ಮರಕ್ಕೆ ಗರಗಸ ಹಾಕಿದಾಗ ಕೊಯ್ಲು ಅರ್ಧಕ್ಕೆ ಬರುವಷ್ಟರಲ್ಲೇ ಕಾಂಡ ಉದ್ದಕ್ಕೆ ಸೀಳಿಕೊಂಡು, ಸೀಳಿದ ಹಿಂಭಾಗ ಎದೆ ಮುಖದ ಎತ್ತರಕ್ಕೆ ಒದೆಯುವುದುಂಟು.

ಇದೇ ಸಾಲಿಗೆ ಸೇರಿದ ಇನ್ನೂ ಮೂರು ಇವೆ. ಏಣಿ ಹಾಕಿಯೋ ಓರೆ ಮರದ ಮೇಲೆ ಹತ್ತಿಯೋ ಸಿಕ್ಕಿಕೊಂಡ ಕೊಂಬೆ ಕಡಿಯುವುದು. ಮರದ ಮೇಲೆ ಕುಣಿದು ಅಲ್ಲಾಡಿಸುವುದು. ಮೂರನೇ ಮರವೊಂದನ್ನು ಅದರ ಮೇಲೆ ಬೀಳಿಸಿ ಹೊಡೆದು ಇಳಿಸುವುದು. ಕೊನೆಯದು ಬುದ್ಧಿವಂತಿಕೆಯ ಕೆಲಸದಂತೆ ಕಾಣುತ್ತದೆ, ಆದರೆ ಅದೂ ಸಿಕ್ಕಿಕೊಂಡರೆ ಒಂದರ ಬದಲು ಎರಡು ಮರ ತಲೆಯ ಮೇಲೆ. ಯಾವುದನ್ನೂ ಮಾಡಬೇಡಿ.

ಪ್ರಶ್ನೆ: ನಮಸ್ಕಾರ. ಸಣ್ಣ ಮರಗಳನ್ನು ಕೊಕ್ಕೆ ಹಾಕಿ ಹೊರಳಿಸಿ ಬಿಡಿಸುತ್ತಾರೆ ಅಂತ ಕೇಳಿದ್ದೇನೆ. ಅದನ್ನು ಸರಿಯಾಗಿ ಮಾಡುವ ಕ್ರಮ ತಿಳಿಸಿ. ನಾನು ಚೈನ್ ಸಾ ತರಬೇತಿ ಪಡೆದಿದ್ದೇನೆ, ಆದರೆ ಇದನ್ನು ಹೇಳಿಕೊಟ್ಟಿರಲಿಲ್ಲ.

ಉತ್ತರ: ತರಬೇತಿ ಪಡೆದಿದ್ದೇನೆ ಅಂದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಈ ಪ್ರಶ್ನೆಗೆ ಉತ್ತರಿಸಲು ನನಗೆ ಹಿಂಜರಿಕೆ ಇರುತ್ತಿತ್ತು. ಮೊದಲ ಮಾತು, ಇದು ಸಣ್ಣ ಮರಕ್ಕೆ ಮಾತ್ರ. ಎದೆಯ ಎತ್ತರದಲ್ಲಿ 20 ಸೆಂ.ಮೀ. ದಾಟಿದರೆ ನಾನಂತೂ ಕೈಯಿಂದ ಹೊರಳಿಸುವ ಯೋಚನೆ ಬಿಟ್ಟು ವಿಂಚ್, ಅಂದರೆ ಹಗ್ಗ ಎಳೆಯುವ ಯಂತ್ರ, ಹುಡುಕುತ್ತೇನೆ. ಕವಲಿಗೆ ಬಿದ್ದ ಮರಕ್ಕೂ ಇದು ಆಗುವುದಿಲ್ಲ. ಇನ್ನೊಂದು ಮರದ ಪಕ್ಕಕ್ಕೆ ಅಥವಾ ಕೊಂಬೆಯ ತುದಿಗೆ ಒರಗಿಕೊಂಡಿರುವ ಮರಕ್ಕೆ ಆಗುತ್ತದೆ.

ಮರ ಸಿಕ್ಕಿಕೊಂಡಿತು ಅಂತ ಗೊತ್ತಾದ ಕೂಡಲೇ ಚೈನ್ ಬ್ರೇಕ್ ಹಾಕಿ, ಯಂತ್ರ ನಿಲ್ಲಿಸಿ, ಮೊದಲೇ ಗುರುತಿಸಿಟ್ಟ ದಾರಿಯಲ್ಲಿ ಓರೆಯಾಗಿ ಹಿಂದೆ ಸರಿಯಿರಿ. ಸ್ವಲ್ಪ ಹೊತ್ತು ಸುಮ್ನೆ ನಿಂತು ನೋಡಿ, ಕೇಳಿ. ಯಂತ್ರ ಓಡುತ್ತಿದ್ದರೆ ಕೇಳದ ಒಂದು ಸಣ್ಣ ಸದ್ದು ಇರುತ್ತದೆ, ಮೇಲೆ ಕೊಂಬೆ ನುಲಿಯುವ ಸದ್ದು, ನಾರು ಒಂದೊಂದಾಗಿ ಹರಿಯುವ ಚಟಚಟ. ಅದು ಕೇಳುತ್ತಿದ್ದರೆ ಮರ ಇನ್ನೂ ಕೂತಿಲ್ಲ, ಹತ್ತಿರ ಹೋಗಬೇಡಿ. ಸದ್ದು ನಿಂತ ಮೇಲೆ ದೂರದಿಂದಲೇ ಒಂದು ಸುತ್ತು ಬಂದು, ತಲೆ ಎಲ್ಲಿ ತಗುಲಿದೆ, ಯಾವ ಕಡೆ ಹೊರಳಿದರೆ ಬಿಡಿಸಿಕೊಳ್ಳುತ್ತದೆ, ಒಣಗಿದ ಅಥವಾ ಮುರಿದ ಕೊಂಬೆ ಏನಾದರೂ ಮೇಲೆ ನೇತಾಡುತ್ತಿದೆಯಾ ಅಂತ ನೋಡಿ. ಹೊರಳುವ ದಿಕ್ಕನ್ನು ಬುಡದ ಹತ್ತಿರ ನಿಂತು ತೀರ್ಮಾನ ಮಾಡಲು ಆಗುವುದಿಲ್ಲ, ಪಕ್ಕದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಆಮೇಲೆ ಬುಡದ ಕೆಲಸ. ಮರ ಬೀಳಿಸುವಾಗ, ಬೀಳುವ ಕಡೆ ತೆಗೆದ ಮುಂದಿನ ಕಚ್ಚಿಗೂ ಹಿಂದಿನ ಕೊಯ್ಲಿಗೂ ನಡುವೆ ಕೊಯ್ಯದೆ ಬಿಟ್ಟ ಪಟ್ಟಿ, ಅಂದರೆ ಹಿಂಜ್, ಇನ್ನೂ ಹಿಡಿದಿರುತ್ತದೆ. ಅದು ಪೂರ್ತಿ ಇದ್ದರೆ ಮರ ಹೊರಳುವುದಿಲ್ಲ. ಪೂರ್ತಿ ಕೊಯ್ದರೆ ಬುಡ ಮೋಟಿನಿಂದ ಜಾರಿ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಪಕ್ಕದಲ್ಲಿ ನಿಂತು, ಬುಡದ ನೇರ ಹಿಂದೆ ನಿಲ್ಲದೆ, ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ಒಂದು ಮೂಲೆಯಲ್ಲಿ ಹೆಬ್ಬೆರಳು ಗಾತ್ರದಷ್ಟು ಬಿಡಬೇಕು. ಮರ ಆ ಮೂಲೆಯನ್ನೇ ಹಿಡಿದು ತಿರುಗುತ್ತದೆ. ಕೊಯ್ಯುವಾಗ ಬಿರುಕು ಅಗಲವಾಗುತ್ತಿದೆಯೋ ಮುಚ್ಚಿಕೊಳ್ಳುತ್ತಿದೆಯೋ ಅಂತ ಕಣ್ಣು ಅಲ್ಲೇ ಇರಲಿ. ಯಾವ ಮೂಲೆ ಬಿಡಬೇಕು ಅನ್ನುವುದು ಮರ ಹೊರಳಬೇಕಾದ ದಿಕ್ಕಿನ ಮೇಲೆ ನಿಂತಿದೆ, ಇದನ್ನು ಓದಿ ಕಲಿಯುವುದಕ್ಕಿಂತ ಮೊದಲ ಸಲ ಗೊತ್ತಿರುವವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿ.

ಇಷ್ಟಾದ ಮೇಲೆ ಚೈನ್ ಸಾ ದೂರ ಇಡಿ. ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ಕೊಕ್ಕೆ, ಇದು ಬೇಡವೇ ಬೇಡ. ಹೊರಳಿಸುವ ಕೊಕ್ಕೆಯನ್ನು, ಕ್ಯಾಂಟ್ ಹುಕ್ ಅಂತ ಸಿಗುವುದನ್ನು, ಬುಡದ ಹತ್ತಿರ ಕಚ್ಚಿಸಿ. ಮರ ನಿಮ್ಮಿಂದ ಆಚೆಗೆ ಹೊರಳಬೇಕು, ನಿಮ್ಮ ಕಡೆಗೆ ಅಲ್ಲ. ಬೆನ್ನು ನೆಟ್ಟಗಿರಲಿ, ಬಲ ಕಾಲಿನಿಂದ ಬರಲಿ. ಕೊಕ್ಕೆಯ ಹಿಡಿ ನಿಮ್ಮ ಮೈಗೂ ಮರಕ್ಕೂ ನಡುವೆ ಸಿಕ್ಕಿಕೊಳ್ಳುವ ಹಾಗೆ ನಿಲ್ಲಬೇಡಿ. ಮರ ಚಲಿಸಲು ಶುರು ಮಾಡಿದ ಕ್ಷಣ ಕೊಕ್ಕೆ ಬಿಟ್ಟು ಹಿಂದೆ ಸರಿಯಿರಿ. ಕೊಕ್ಕೆ ಮುರಿದರೆ ಇನ್ನೊಂದು ಸಿಗುತ್ತದೆ, ಅದನ್ನು ಉಳಿಸಿಕೊಳ್ಳಲು ಹೋಗಿ ಮೊಣಕೈ ತಿರುಚಿಸಿಕೊಳ್ಳಬೇಡಿ.

ಹೊರಳಲಿಲ್ಲ ಅಂದರೆ? ಇನ್ನೊಂದು ಕಡೆಗೆ ಪ್ರಯತ್ನಿಸಿ. ಅದಕ್ಕೂ ಬರದಿದ್ದರೆ ನಿಲ್ಲಿಸಿ. ನಾಲ್ಕು ಜನ ಸೇರಿ ತಳ್ಳುವ ಕೆಲಸ ಇದಲ್ಲ. ನಾಲ್ಕು ಜನ ಅಲ್ಲಿದ್ದರೆ ನಾಲ್ಕೂ ಜನ ಅಪಾಯದಲ್ಲಿದ್ದಾರೆ ಅಂತ ಅರ್ಥ.

ಪ್ರಶ್ನೆ: ನಮ್ಮಲ್ಲಿ ಕೈ ವಿಂಚ್ ಇದೆ, ಟ್ರ್ಯಾಕ್ಟರೂ ಇದೆ. ಸಿಕ್ಕಿಕೊಂಡ ಮರ ಎಳೆಯಲು ಯಾವುದು ಒಳ್ಳೆಯದು? ಹಗ್ಗ ಎಲ್ಲಿಗೆ ಕಟ್ಟಬೇಕು, ನಾವು ಎಷ್ಟು ದೂರ ನಿಲ್ಲಬೇಕು?

ಉತ್ತರ: ಮಧ್ಯಮ ಗಾತ್ರದ ಮರಕ್ಕೆ ನನ್ನ ಮೊದಲ ಆಯ್ಕೆ ಕೈ ವಿಂಚ್. ಟಿರ್ಫೋರ್ ಅಂತ ಕರೆಯುವ, ಸನ್ನೆ ಹಿಂದೆ ಮುಂದೆ ಆಡಿಸಿದರೆ ಉಕ್ಕಿನ ಹಗ್ಗವನ್ನು ಇಂಚಿಂಚಾಗಿ ಎಳೆಯುವ ಯಂತ್ರ. ನಿಧಾನ ಅನ್ನುವುದೇ ಅದರ ಗುಣ. ಮರ ಒಂದು ಗೇಣು ಸರಿದರೆ ನಿಲ್ಲಿಸಿ ನೋಡಬಹುದು, ಮತ್ತೆ ಎಳೆಯಬಹುದು. ಟ್ರ್ಯಾಕ್ಟರ್ ಚಕ್ರ ಹಾಗೆ ಅಳತೆ ಮಾಡಿ ಎಳೆಯುವುದಿಲ್ಲ, ಅದು ಜಗ್ಗುತ್ತದೆ.

ಹಗ್ಗವನ್ನು ಬುಡದಲ್ಲಿ ಆದಷ್ಟು ಕೆಳಗೆ ಕಟ್ಟಿ. ಎಳೆಯುವ ದಿಕ್ಕು ಮರ ಒರಗಿರುವ ದಿಕ್ಕಿಗೆ ನೇರ ವಿರುದ್ಧ, ಅಂದರೆ ತಲೆ ಆ ಕಡೆ ಇದ್ದರೆ ಬುಡ ಈ ಕಡೆಗೆ. ಉಕ್ಕಿನ ಹಗ್ಗವನ್ನು ನೇರ ಮರಕ್ಕೆ ಗಂಟು ಹಾಕಬೇಡಿ, ಭಾರ ಎತ್ತುವ ಅಗಲ ಬೆಲ್ಟು ಇಲ್ಲವೇ ಚೈನ್ ಸುತ್ತಿ, ಅದಕ್ಕೆ ಹುಕ್ ಹಾಕಿ. ಬೆಲ್ಟನ್ನು ಕಾಂಡದ ಒಂದು ಪಕ್ಕದಿಂದ ಎಳೆತ ಬರುವ ಹಾಗೆ ಸುತ್ತಿದರೆ ಮರ ಹಿಂದೆ ಬರುವ ಜೊತೆಗೆ ಸ್ವಲ್ಪ ಹೊರಳುತ್ತದೆ ಕೂಡ. ಎಷ್ಟೋ ಸಲ ಆ ಸಣ್ಣ ಹೊರಳಿಗೇ ತಲೆ ಬಿಡಿಸಿಕೊಳ್ಳುತ್ತದೆ. ಬುಡ ಮಣ್ಣಿನಲ್ಲಿ ನೆಟ್ಟುಕೊಂಡು ಉಳುತ್ತಾ ಬರದಂತೆ, ಎಳೆಯುವ ದಾರಿಗೆ ಅಡ್ಡಲಾಗಿ ಒಂದೆರಡು ಉರುಟು ತುಂಡು ಮೊದಲೇ ಇಟ್ಟಿರಿ. ಮರ ಅಲ್ಲಾಡಲು ಶುರುವಾದ ಮೇಲೆ ಇಡಲು ಹೋಗಬೇಡಿ.

ಹಗ್ಗ ಕಟ್ಟಿ, ಸ್ವಲ್ಪ ಬಿಗಿ ಮಾಡಿಕೊಂಡ ಮೇಲೆ ಹಿಂಜ್ ವಿಷಯಕ್ಕೆ ಬನ್ನಿ. ತೆಳ್ಳಗಿದ್ದರೆ ಎಳೆತಕ್ಕೇ ಹರಿಯುತ್ತದೆ, ಮುಟ್ಟುವ ಅಗತ್ಯವೇ ಇಲ್ಲ. ದಪ್ಪ ಇದ್ದರೆ ಪಕ್ಕದಿಂದ ಸ್ವಲ್ಪ ತೆಳುವು ಮಾಡಿ, ಯಂತ್ರ ಎತ್ತಿಕೊಂಡು ದೂರ ಹೋಗಿ, ಆಮೇಲೆ ಎಳೆಯಿರಿ. ಎಳೆಯುವಾಗ ಬುಡದ ಹತ್ತಿರ ಒಬ್ಬರೂ ಇರಬಾರದು.

ಈಗ ದೂರದ ಮಾತು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾದ ಮರ ಕಡಿತದ ನಿಯಮದಲ್ಲಿ ಸಿಕ್ಕಿಕೊಂಡ ಮರವೂ ಅಪಾಯದ ಮರಗಳ ಸಾಲಿಗೆ ಸೇರುತ್ತದೆ, ಅಪಾಯದ ಮರದಿಂದ ಎರಡು ಮರದುದ್ದದೊಳಗೆ ಬೇರೆ ಕೆಲಸ ನಡೆಯಬಾರದು ಅನ್ನುವುದು ಅಲ್ಲಿನ ಸಾಮಾನ್ಯ ನಿಯಮ. ಯಾವ ದೇಶದಲ್ಲಿದ್ದರೂ ಪಾಲಿಸಬೇಕಾದ ಅಳತೆ ಅದು. 15 ಮೀಟರ್ ಮರಕ್ಕೆ 30 ಮೀಟರ್. ವಿಂಚ್ ಆಡಿಸುವವರೂ ಅಷ್ಟು ದೂರ ಇರಬೇಕು, ಯಾಕೆಂದರೆ ಮರ ಅವರ ಕಡೆಗೇ ಜಾರಿ ಬರುತ್ತದೆ. ಹಗ್ಗ ಅಷ್ಟು ಉದ್ದ ಇಲ್ಲದಿದ್ದರೆ ನಡುವೆ ಇನ್ನೊಂದು ಗಟ್ಟಿ ಮರಕ್ಕೆ ಕಪ್ಪಿ ಕಟ್ಟಿ, ಹಗ್ಗವನ್ನು ಪಕ್ಕಕ್ಕೆ ತಿರುಗಿಸಿ. ಆಗ ನೀವು ಮರ ಬರುವ ಸಾಲಿನಲ್ಲೇ ಇರುವುದಿಲ್ಲ. ಒಂದು ಎಚ್ಚರಿಕೆ, ಹಗ್ಗ 90 ಡಿಗ್ರಿ ತಿರುಗಿದರೆ ಕಪ್ಪಿ ಕಟ್ಟಿದ ಬೆಲ್ಟಿನ ಮೇಲೆ ಎಳೆತದ ಸುಮಾರು 1.4 ಪಟ್ಟು ಭಾರ ಬೀಳುತ್ತದೆ, ಪೂರ್ತಿ ಹಿಂದಕ್ಕೆ ಮಡಚಿ ಬಂದರೆ 2 ಪಟ್ಟು. ಎಷ್ಟೋ ಜನ ವಿಂಚ್ ಸಾಮರ್ಥ್ಯ ನೋಡಿ ಹಗ್ಗ ತರುತ್ತಾರೆ, ಕಪ್ಪಿಯ ಬೆಲ್ಟನ್ನು ಮಾತ್ರ ಕೈಗೆ ಸಿಕ್ಕಿದ್ದು ಕಟ್ಟುತ್ತಾರೆ. ಹರಿಯುವುದು ಅದೇ. ಹಗ್ಗ ತಿರುಗಿದ ಕಡೆ ಒಳಕೋನದಲ್ಲಿ ಯಾರೂ ನಿಲ್ಲಬಾರದು. ಬೆಲ್ಟ್ ಹರಿದರೆ ಕಪ್ಪಿ ಹಾರುವುದು ಆ ಕಡೆಗೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಟಿರ್ಫೋರ್ ಸನ್ನೆಯಲ್ಲಿ ಚಿಕ್ಕ ಪಿನ್ನುಗಳು ಇರುತ್ತವೆ, ಶಿಯರ್ ಪಿನ್ ಅಂತಾರೆ. ಯಂತ್ರಕ್ಕೆ ಮೀರಿದ ಭಾರ ಬಂದರೆ ಹಗ್ಗ ಹರಿಯುವ ಮೊದಲು ಆ ಪಿನ್ ತುಂಡಾಗಿ ಸನ್ನೆ ಸಡಿಲವಾಗಲಿ ಅಂತಲೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಪಿನ್ ಮುರಿದ ಜಾಗಕ್ಕೆ ಮೊಳೆ ಬಡಿದು, ಇಲ್ಲವೇ ಬೋಲ್ಟ್ ಹಾಕಿ ಕೆಲಸ ಮುಂದುವರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪಿನ್ ಮುರಿಯಿತು ಅಂದರೆ ಭಾರ ಜಾಸ್ತಿಯಾಯಿತು, ಎಳೆಯುವ ಕ್ರಮ ಬದಲಿಸಬೇಕು ಅಂತ. ಮರದ ಬುಡಕ್ಕೇ ಒಂದು ಕಪ್ಪಿ ಕಟ್ಟಿ, ಹಗ್ಗವನ್ನು ಅದರೊಳಗಿಂದ ಹಾಯಿಸಿ ತುದಿಯನ್ನು ಹಿಂದಿನ ಇನ್ನೊಂದು ಗಟ್ಟಿ ಮರಕ್ಕೆ ಕಟ್ಟಿದರೆ ಎಳೆತ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಕಂಪನಿಯದ್ದೇ ಪಿನ್ನು ನಾಲ್ಕಾರು ಜೊತೆಗಿಟ್ಟುಕೊಂಡಿರಿ.

ಟ್ರ್ಯಾಕ್ಟರ್ ಬಳಸಲೇಬೇಕಾದರೆ ಹಗ್ಗವನ್ನು ಹಿಂದಿನ ಕೆಳಗಿನ ಡ್ರಾಬಾರಿಗೆ, ಅಂದರೆ ಟ್ರೇಲರ್ ಸಿಕ್ಕಿಸುವ ಪಟ್ಟಿಗೆ, ಮಾತ್ರ ಕಟ್ಟಿ. ಅದಕ್ಕಿಂತ ಮೇಲೆ, ಆಕ್ಸಲಿಗೋ ಸೀಟಿನ ಹಿಂದಕ್ಕೋ ಕಟ್ಟಿದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಹಗ್ಗ ಸಡಿಲ ಬಿಟ್ಟು ಓಡಿಸಿಕೊಂಡು ಹೋಗಿ ಜಗ್ಗುವುದಂತೂ ಬೇಡವೇ ಬೇಡ. ಸಣ್ಣ ಗೇರಿನಲ್ಲಿ, ಹಗ್ಗ ಬಿಗಿಯಾದ ಮೇಲೆ, ನಿಧಾನವಾಗಿ.

ಪ್ರಶ್ನೆ: ಸಂಜೆಯಾಗಿದೆ, ವಿಂಚ್ ಸಿಗುವುದು ನಾಳೆಯೇ. ಮರವನ್ನು ಹಾಗೇ ಬಿಟ್ಟು ಹೋಗಬಹುದಾ?

ಉತ್ತರ: ಬಿಟ್ಟು ಹೋಗಿ. ಕತ್ತಲಲ್ಲಿ ಅವಸರದಿಂದ ಇಳಿಸಲು ಹೋಗುವುದಕ್ಕಿಂತ ಅದೇ ಒಳ್ಳೆಯದು. ಆದರೆ ಸುಮ್ನೆ ಬಿಟ್ಟು ಹೋಗಬಾರದು. ಸುತ್ತ ಎರಡು ಮರದುದ್ದದ ಹೊರಗೆ, ಜನ ಬರುವ ಪ್ರತಿ ಕಾಲುದಾರಿಗೂ ಅಡ್ಡ ಪಟ್ಟಿ ಕಟ್ಟಿ. ಅಲ್ಲಿ ಓಡಾಡುವವರಿಗೆ ಬಾಯಿಂದಲೂ ಹೇಳಿ, ಮಕ್ಕಳಿಗೆ ಕೂಡ. ಮಕ್ಕಳಿಗೆ ಓರೆ ಮರ ಅಂದರೆ ಹತ್ತುವ ಆಸೆ ಆಗುತ್ತದೆ. ಕಟ್ಟಿಹಾಕಿದ ದನಕರು ಆ ಜಾಗದೊಳಗೆ ಇದ್ದರೆ ಬೇರೆ ಕಡೆ ಕಟ್ಟಿ. ರಾತ್ರಿ ಗಾಳಿ ಬಂದರೆ ಮರ ತಾನಾಗಿ ಬಿದ್ದಿರಬಹುದು, ಅಥವಾ ನಿನ್ನೆಗಿಂತ ಸಡಿಲವಾಗಿ ಕೂತಿರಬಹುದು. ಹಾಗಾಗಿ ಬೆಳಿಗ್ಗೆ ಹೋದಾಗ ನಿನ್ನೆಯ ಲೆಕ್ಕದಲ್ಲಿ ಕೆಲಸ ಶುರು ಮಾಡದೆ, ಮತ್ತೆ ಮೊದಲಿನಿಂದ ಸುತ್ತು ಹಾಕಿ ನೋಡಿ.

ಪ್ರಶ್ನೆ: ನಾನು ಕಡಿಯುವ ಮರಗಳಲ್ಲಿ ಮೂರಕ್ಕೆ ಒಂದು ಸಿಕ್ಕಿಕೊಳ್ಳುತ್ತದೆ. ಮರಗಳು ಒತ್ತಾಗಿವೆ ನಿಜ, ಆದರೆ ಪಕ್ಕದ ತೋಟದಲ್ಲಿ ಕಡಿಯುವವರಿಗೆ ಇಷ್ಟು ಆಗುವುದಿಲ್ಲ. ನನ್ನ ತಪ್ಪು ಎಲ್ಲಿರಬಹುದು?

ಉತ್ತರ: ಇದು ಒಳ್ಳೆಯ ಪ್ರಶ್ನೆ. ನೇತುಬಿದ್ದ ಮರ ಇಳಿಸುವುದಕ್ಕಿಂತ ನೇತುಬೀಳದಂತೆ ಕಡಿಯುವುದು ಎಷ್ಟೋ ಸುಲಭ, ಅಲ್ವಾ? ಮೂರಕ್ಕೆ ಒಂದು ಅಂದರೆ ಬರೀ ಅದೃಷ್ಟದ ಮಾತಲ್ಲ, ಕ್ರಮದಲ್ಲೇ ಏನೋ ಇದೆ. ನಾಲ್ಕು ಜಾಗದಲ್ಲಿ ಹುಡುಕಿ.

ಮೊದಲನೆಯದು ಕಡಿಯುವ ಸರದಿ. ತೋಪಿನ ನಡುವಿನಿಂದ ಶುರು ಮಾಡಿದರೆ ಯಾವ ಕಡೆ ಬೀಳಿಸಿದರೂ ಅಡ್ಡ ಮರ. ಅಂಚಿನಿಂದ, ಬಯಲು ಇರುವ ಕಡೆಯಿಂದ ಶುರು ಮಾಡಿ. ಮೊದಲ ಮರ ಬಿದ್ದು ಆದ ಕಿಂಡಿಯಲ್ಲೇ ಎರಡನೆಯದನ್ನು ಬೀಳಿಸಿ. ಹೀಗೆ ಹಾದಿ ಬಿಡಿಸಿಕೊಂಡು ಒಳಗೆ ಹೋಗಬೇಕು. ಯಾವ ಮರ ಯಾವ ಕಿಂಡಿಗೆ ಅಂತ ಹಿಂದಿನ ದಿನವೇ ಸುತ್ತಾಡಿ ಬಣ್ಣದಲ್ಲಿ ಗುರುತು ಹಾಕಿದರೆ ಇನ್ನೂ ಒಳ್ಳೆಯದು.

ಎರಡನೆಯದು ಮೇಲೆ ನೋಡುವುದು. ಬಹಳ ಜನ ಬುಡ ನೋಡಿ ದಿಕ್ಕು ತೀರ್ಮಾನಿಸುತ್ತಾರೆ. ಸಿಕ್ಕಿಕೊಳ್ಳುವುದು ಬುಡವಲ್ಲ, ತಲೆ. ಎರಡು ಮರಗಳ ತಲೆ ನಡುವೆ ಆಕಾಶ ಎಲ್ಲಿ ಕಾಣುತ್ತದೆ ಅಂತ ನೋಡಿ. ಬೀಳುವ ಮರದ ತಲೆಯ ಅಗಲ ಆ ಕಿಂಡಿಗೆ ಹಿಡಿಸಬೇಕು. ಬಳ್ಳಿ ಇದೆಯಾ ಅಂತಲೂ ನೋಡಿ. ಒಂದೇ ಬಳ್ಳಿ ನಾಲ್ಕು ಮರದ ತಲೆಗೆ ಹಬ್ಬಿರುತ್ತದೆ, ಬೀಳುವ ಮರವನ್ನು ಹಿಡಿದು ನಿಲ್ಲಿಸುತ್ತದೆ ಇಲ್ಲವೇ ಪಕ್ಕದ ಮರದ ಒಣ ಕೊಂಬೆಯನ್ನು ನಿಮ್ಮ ಮೇಲೆ ಎಳೆದುಕೊಂಡು ಬರುತ್ತದೆ. ಬಳ್ಳಿಗಳನ್ನು ಮರ ಕಡಿಯುವುದಕ್ಕೆ ಸಾಕಷ್ಟು ದಿನ ಮೊದಲೇ ಬುಡದಲ್ಲಿ ಕಡಿದು ಬಿಡಿ, ಒಣಗಿದ ಬಳ್ಳಿ ಸುಲಭವಾಗಿ ಹರಿಯುತ್ತದೆ.

ಮೂರನೆಯದು ಹಿಂಜ್. ನನ್ನ ಅನುಮಾನ ನಿಮ್ಮ ವಿಷಯದಲ್ಲಿ ಇಲ್ಲೇ ಜಾಸ್ತಿ. ಹಿಂಜ್ ದಪ್ಪ ಉಳಿದರೆ ಮರ ಮೆಲ್ಲಗೆ ವಾಲುತ್ತದೆ, ವೇಗ ಬರುವುದಿಲ್ಲ, ಪಕ್ಕದ ಕೊಂಬೆಗಳನ್ನು ಸವರಿಕೊಂಡು ಹೋಗುವ ಬಲ ಇಲ್ಲದೆ ಅಲ್ಲೇ ನಿಲ್ಲುತ್ತದೆ. ಮರದ ದಪ್ಪದ ಹತ್ತನೇ ಒಂದು ಪಾಲು ಸಾಕು. 30 ಸೆಂ.ಮೀ. ಮರಕ್ಕೆ 3 ಸೆಂ.ಮೀ. ಆದರೆ ಅದಕ್ಕಿಂತ ತೆಳ್ಳಗೆ ಮಾಡಿ ವೇಗ ಬರಿಸಲು ಹೋದರೆ ದಿಕ್ಕು ತಪ್ಪುತ್ತದೆ, ಅದೂ ಸಿಕ್ಕಿಕೊಳ್ಳುವ ದಾರಿಯೇ. ಎರಡೂ ತುದಿಯಲ್ಲಿ ಹಿಂಜ್ ಒಂದೇ ದಪ್ಪ ಇರಬೇಕು. ಒಂದು ಕಡೆ 4, ಇನ್ನೊಂದು ಕಡೆ 1 ಇದ್ದರೆ ಮರ ದಪ್ಪ ಇರುವ ಕಡೆಗೆ ಎಳೆದುಕೊಂಡು ಹೋಗುತ್ತದೆ. ನೀವು ಈಗಾಗಲೇ ಕಡಿದ ಮರಗಳ ಮೋಟುಗಳ ಹತ್ತಿರ ಒಂದು ಸ್ಕೇಲ್ ಹಿಡಿದು ಹೋಗಿ. ಹರಿದ ನಾರಿನ ಪಟ್ಟಿ ಮೋಟಿನ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಸಿಕ್ಕಿಕೊಂಡ ಮರಗಳ ಮೋಟು, ಸಲೀಸಾಗಿ ಬಿದ್ದ ಮರಗಳ ಮೋಟು ಎರಡನ್ನೂ ಅಳೆದು ನೋಡಿದರೆ ನಿಮ್ಮ ಪ್ರಶ್ನೆಗೆ ನಿಮಗೇ ಉತ್ತರ ಸಿಗುತ್ತದೆ.

ಹಾಗೇ ಮುಂದಿನ ಕಚ್ಚಿನ ಬಾಯಿ. ಆಳ ಮರದ ದಪ್ಪದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು. ಬಾಯಿ ಕಿರಿದಾಗಿದ್ದರೆ ಮರ ಅರ್ಧ ವಾಲುವಷ್ಟರಲ್ಲೇ ಅದು ಮುಚ್ಚಿಕೊಂಡು ಹಿಂಜ್ ಮುರಿಯುತ್ತದೆ, ಆಮೇಲೆ ಮರ ನಿಮ್ಮ ಮಾತು ಕೇಳುವುದಿಲ್ಲ. 70 ಡಿಗ್ರಿಯಷ್ಟು ಅಗಲ ತೆರೆದರೆ ನೆಲದ ಹತ್ತಿರ ಬರುವವರೆಗೂ ಹಿಂಜ್ ದಿಕ್ಕು ಹಿಡಿದಿರುತ್ತದೆ.

ನಾಲ್ಕನೆಯದು ಗಾಳಿ. ತಲೆ ಅಲ್ಲಾಡುವಷ್ಟು ಗಾಳಿ ಇದ್ದರೆ ಒತ್ತಾದ ಜಾಗದಲ್ಲಿ ಅಂದು ಕಡಿಯಬೇಡಿ.

ಪ್ರಶ್ನೆ: ಹೆಲ್ಮೆಟ್ಟು, ಚೈನ್ ಸಾ ಪ್ಯಾಂಟು ಇವೆಲ್ಲ ಸಣ್ಣ ಕೆಲಸಕ್ಕೂ ಬೇಕಾ? ಬಿಸಿಲಿಗೆ ಹಾಕಿಕೊಳ್ಳಲು ಆಗುವುದಿಲ್ಲ.

ಉತ್ತರ: ಬೇಕು. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ 20 ಮೀಟರ್ ಆಸುಪಾಸು, ಅಂದರೆ ಗಂಟೆಗೆ 70 ಕಿ.ಮೀ. ಮೀರಿ ಓಡುತ್ತದೆ. ಆ ಪ್ಯಾಂಟಿನೊಳಗೆ ಉದ್ದುದ್ದ ನಾರಿನ ಪದರಗಳಿರುತ್ತವೆ. ಚೈನ್ ತಾಗಿದ ಕೂಡಲೇ ಆ ನಾರು ಎಳೆದುಕೊಂಡು ಹೋಗಿ ಸ್ಪ್ರಾಕೆಟ್ಟಿಗೆ, ಅಂದರೆ ಚೈನ್ ತಿರುಗಿಸುವ ಹಲ್ಲಿನ ಚಕ್ರಕ್ಕೆ, ಸುತ್ತಿಕೊಂಡು ಚೈನನ್ನು ನಿಲ್ಲಿಸುತ್ತದೆ. ಬರೀ ದಪ್ಪ ಜೀನ್ಸ್ ಹಾಕಿದರೆ ಆ ಕೆಲಸ ಆಗುವುದಿಲ್ಲ. ಕೊಳ್ಳುವಾಗ ಲೇಬಲ್ಲಿನಲ್ಲಿ ಕ್ಲಾಸ್ 1 (ಸೆಕೆಂಡಿಗೆ 20 ಮೀಟರ್), ಕ್ಲಾಸ್ 2 (24 ಮೀಟರ್) ಅಂತ ಇರುತ್ತದೆ, ನಿಮ್ಮ ಯಂತ್ರದ ಚೈನ್ ವೇಗಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ. ಒಮ್ಮೆ ಚೈನ್ ತಾಗಿದ ಪ್ಯಾಂಟನ್ನು ಹೊಲಿದು ಮತ್ತೆ ಹಾಕಬಾರದು. ಬಿಸಿಲಿನ ಮಾತಿಗೆ, ಬೆಳಿಗ್ಗೆ ಬೇಗ ಕೆಲಸ ಮಾಡಿ, ನೀರು ಕುಡಿಯಿರಿ, ಮಧ್ಯಾಹ್ನ ನಿಲ್ಲಿಸಿ. ಹೆಲ್ಮೆಟ್ ಸಣ್ಣ ಕೊಂಬೆಯಿಂದ ಕಾಪಾಡುತ್ತದೆ, ನೇತುಬಿದ್ದ ಮರದಿಂದ ಕಾಪಾಡುವುದು ದೂರ ಮಾತ್ರ. ಮತ್ತೆ, ಒಬ್ಬರೇ ಹೋಗಬೇಡಿ. ಕಿವಿಗೆ ಇಯರ್ ಮಫ್ ಇದ್ದಾಗ ಕೂಗಿದ್ದು ಕೇಳುವುದಿಲ್ಲ, ಜೊತೆಗಿರುವವರ ಹತ್ತಿರ ಕೈ ಸನ್ನೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಮರ ಕರೆಂಟ್ ತಂತಿಗೆ ತಗುಲಿಕೊಂಡಿದೆ. ಒಣ ಬಿದಿರಿನಿಂದ ತಳ್ಳಬಹುದಾ?

ಉತ್ತರ: ಬೇಡ. ಯಾವುದರಿಂದಲೂ ಬೇಡ. ವಿದ್ಯುತ್ ಕಚೇರಿಗೆ ಫೋನ್ ಮಾಡಿ, ಲೈನ್ ಆಫ್ ಮಾಡಿದ್ದೇವೆ ಅಂತ ಅವರೇ ಬಂದು ಹೇಳುವವರೆಗೆ ಕನಿಷ್ಠ 10 ಮೀಟರ್ ದೂರ ಇರಿ. ಹಸಿ ಮರದಲ್ಲಿ ಕರೆಂಟ್ ಹರಿದು ನೆಲಕ್ಕೂ ಇಳಿಯುತ್ತದೆ, ಮರ ಮುಟ್ಟದೆ ಹತ್ತಿರ ನಡೆದರೂ ಎರಡು ಹೆಜ್ಜೆಗಳ ನಡುವೆ ಶಾಕ್ ಹೊಡೆಯಬಹುದು. ಈಗಾಗಲೇ ಹತ್ತಿರ ಇದ್ದರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ, ಚಿಕ್ಕಚಿಕ್ಕದಾಗಿ ಜರುಗಿಕೊಂಡು ದೂರ ಬನ್ನಿ.

ಪ್ರಶ್ನೆ: ಮಳೆಗಾಳಿಗೆ ಒಂದು ದೊಡ್ಡ ಮರ ಬೇರು ಸಮೇತ ಎದ್ದು ಇನ್ನೊಂದಕ್ಕೆ ಒರಗಿದೆ. ಬೇರಿನ ಹತ್ತಿರ ದೊಡ್ಡ ಗುಂಡಿ ಆಗಿದೆ. ಇದೂ ಸಿಕ್ಕಿಕೊಂಡ ಮರವೇ ಅಲ್ವಾ? ಬುಡದಲ್ಲಿ ಕಡಿದು ಎಳೆಯೋಣ ಅಂದುಕೊಂಡಿದ್ದೇವೆ.

ಉತ್ತರ: ಹೌದು, ಆದರೆ ಇನ್ನೂ ಕಷ್ಟದ್ದು, ಇಲ್ಲಿ ಎರಡು ಕಡೆ ಬಲ ಕಟ್ಟಿಕೊಂಡಿದೆ. ಒಂದು ಮೇಲೆ ಸಿಕ್ಕಿದ ತಲೆ. ಇನ್ನೊಂದು ಮಣ್ಣು ಹಿಡಿದು ಎದ್ದು ನಿಂತ ಬೇರಿನ ಗೋಡೆ. ಕಾಂಡವನ್ನು ಬುಡದಲ್ಲಿ ಕಡಿದ ಕೂಡಲೇ ಬೇರಿನ ಗೋಡೆಗೆ ಇದ್ದ ಭಾರ ತಪ್ಪಿ ಅದು ಗುಂಡಿಯೊಳಗೆ ದೊಪ್ಪನೆ ವಾಪಸ್ ಕೂರಬಹುದು, ಗುಂಡಿಯಲ್ಲಿ ಯಾರಾದರೂ ಇದ್ದರೆ ಮುಗಿಯಿತು. ಕೆಲವೊಮ್ಮೆ ಮುಂದಕ್ಕೆ, ಕಡಿಯುವವರ ಕಡೆಗೂ ಬೀಳುತ್ತದೆ. ಯಾವ ಕಡೆ ಅಂತ ಹೊರಗಿನಿಂದ ಹೇಳುವುದು ಕಷ್ಟ.

ದೊಡ್ಡ ಮರ ಅಂದಿದ್ದೀರಿ, ಹಾಗಾಗಿ ಇದನ್ನು ಅನುಭವ ಇರುವ ತಂಡಕ್ಕೆ, ಯಂತ್ರ ಇರುವವರಿಗೆ ಕೊಡಿ. ಅವರು ಸಾಮಾನ್ಯವಾಗಿ ಮೊದಲು ಬೇರಿನ ಗೋಡೆಯನ್ನು ವಿಂಚ್ ಹಗ್ಗದಿಂದ ಹಿಡಿಸಿಡುತ್ತಾರೆ, ಬುಡದಿಂದ ಸ್ವಲ್ಪ ಮೇಲೆ ಉದ್ದ ತುಂಡು ಬಿಟ್ಟು ಕಡಿಯುತ್ತಾರೆ, ಯಾಕೆಂದರೆ ಆ ತುಂಡು ಬೇರು ಮುಂದಕ್ಕೆ ಮಗುಚದಂತೆ ಊರುಗೋಲಾಗುತ್ತದೆ. ಒತ್ತಿಕೊಂಡಿರುವ ಮೈಗೆ ಮೊದಲು ಸ್ವಲ್ಪ ಕೊಯ್ಲು, ದಪ್ಪದ ಕಾಲು ಭಾಗದಿಂದ ಮೂರನೇ ಒಂದರಷ್ಟು, ಬಾರ್ ಕಚ್ಚುವ ಮೊದಲೇ ತೆಗೆದು, ಆಮೇಲೆ ಎಳೆದುಕೊಂಡಿರುವ ಮೈಯಿಂದ ಮುಗಿಸುತ್ತಾರೆ. ಅವರು ಬರುವವರೆಗೆ ಗುಂಡಿಯ ಹತ್ತಿರ ಯಾರೂ ಹೋಗದಂತೆ, ಅದರೊಳಗೆ ನಾಯಿ ದನ ಇಳಿಯದಂತೆ ಸುತ್ತ ಬೇಲಿ ಹಾಕಿ. ಕಡಿದು ಮುಗಿದ ಮೇಲೂ ಬೇರಿನ ಗೋಡೆ ನೆಟ್ಟಗೇ ನಿಂತಿದ್ದರೆ ಆ ಬೇಲಿ ತೆಗೆಯಬೇಡಿ, ಅದನ್ನು ಯಂತ್ರದಿಂದ ತಳ್ಳಿಸಿ ಗುಂಡಿಗೆ ಕೂರಿಸಿದ ಮೇಲೆ ತೆಗೆಯಿರಿ.